ಕೊನೆಯ ಶಾಟಿನ ಕರಡಿಗೆ

ಬಾಳಮ್ಮ ಮಗಳ ಟ್ರಂಕನ್ನು ಹಾಸ್ಟೆಲಿನ ಕಟ್ಟೆಯ ಮೇಲೆ ಇಳಿಸಿ, ಅದರ ಮೇಲೆ ತಾನೇ ಕುಳಿತುಬಿಟ್ಟಿದ್ದಳು. ಸ್ಟೋರಿನ ಬೀಗ ತೆಗೆಯಲು ಹೊರಟಿದ್ದ ನಾನು ನಿಂತೆ.

"ನಮ್ಮೂರು ಚೊಳಚಗುಡ್ಡಕ್ಕ ಕರಕೊಂಡು ಹೋಗ್ತೇನ್ರಿ. ಕಳ್ಳಿ ಅನಿಸ್ಕೊಂಡು ಕಲಿಯೂ ಸಾಲಿ ನಮಗ ಬ್ಯಾಡ," ಎಂದಳು.

ಮಗಳು ರೋಹಿಣಿ ಕಂಬಕ್ಕೆ ಒರಗಿದ್ದಳು. ಅತ್ತು ಮುಗಿದಿತ್ತು, ಮುಖ ತೊಳೆದದ್ದೂ ಆಗಿತ್ತು.

"ಮಧ್ಯಾಹ್ನದ ಬಸ್ಸಿಗೆ ಹೋಗೀರಂತ," ಎಂದು ಬಾಗಿಲಿಂದ ದನಿ ಬಂತು. "ಅಲ್ಲೀತನಕ ಚಾ ಕುಡೀರಿ. ಫಕ್ರುಸಾಬರ, ನೀವೂ ಬರ್ರಿ."

ಆ ದನಿ ರಮಾಬಾಯಿಯವರದು. ಬಾಗಲಕೋಟೆಯ ನಮ್ಮ ಕಾಲೇಜಿನಲ್ಲಿ ಅವರು ಮಾಧ್ಯಮದ ಹುಡುಗರಿಗೆ ದೃಶ್ಯ ಕಟ್ಟುವುದನ್ನು, ಕಟ್ಟಿದ್ದನ್ನು ಬಿಡಿಸಿ ನೋಡುವುದನ್ನು ಕಲಿಸುತ್ತಾರೆ. ಹೆಣ್ಣುಮಕ್ಕಳ ಹಾಸ್ಟೆಲಿನ ಮೇಲ್ವಿಚಾರಣೆಯೂ ಅವರದೇ. ಹಾಸ್ಟೆಲಿನಲ್ಲಿ ಕಳೆದ ಕಾಲ್ಗೆಜ್ಜೆಯಿಂದ ಹಿಡಿದು ಪ್ರಾಚಾರ್ಯರ ಕುರ್ಚಿಯ ಗಾಲಿಯವರೆಗೆ ಅವರು ಹುಡುಕಿಕೊಡದ ವಸ್ತುವಿಲ್ಲ. ನಾನು ಫಕ್ರುಸಾಬ. ಕ್ಯಾಮೆರಾ, ಸ್ಟ್ಯಾಂಡು, ದೀಪಗಳ ಸ್ಟೋರು ನನ್ನ ಕೈಯಲ್ಲಿದೆ. ರಮಾಬಾಯಿಯವರು ಯೋಚಿಸುವಾಗ ಎದುರಿಗೆ ಕೂತು ತಪ್ಪು ಉತ್ತರ ಹೇಳುವ ಕೆಲಸವೂ ನನ್ನದೇ. ಎರಡನೆಯದಕ್ಕೆ ಪಗಾರವಿಲ್ಲ.

ಚಹಾ ಕುಡಿಯುತ್ತ ರೋಹಿಣಿ ಹೇಳಿದಳು. ಪರೀಕ್ಷೆಗೆಂದು ಇಬ್ಬಿಬ್ಬರು ಸೇರಿ ಒಂದು ಕೆಲಸವನ್ನು ಏಳು ಶಾಟುಗಳಲ್ಲಿ ತೋರಿಸಬೇಕಿತ್ತು. ಅವಳ ಜೊತೆಗಾರ ವಿಜಯಮಹಾಂತೇಶ. ಕ್ಯಾಮೆರಾ, ನಿರ್ದೇಶನ, ಎಡಿಟಿಂಗ್ ಎಲ್ಲ ಅವನದು. ಇವಳ ಪಾಲಿಗೆ ಬಂದದ್ದು ಸದ್ದು. ಭಾನುವಾರ ಇಳಕಲ್ಲಿನಲ್ಲಿ ಇಂದ್ರಾಬಾಯಿ ಎಂಬವರ ಮನೆಯಲ್ಲಿ ಸೀರೆ ನೇಯುವುದನ್ನು ಚಿತ್ರಿಸಿದರು. ಅವನು ಬೆಳಿಗ್ಗೆಯೇ ಹೋಗಿದ್ದ. ಇವಳು ಊರಿಂದ ಹೊರಟು, ದಾರಿಯ ಕ್ರಾಸಿನಲ್ಲಿ ಬಸ್ಸು ತಪ್ಪಿ, ಊಟದ ಹೊತ್ತು ಹತ್ತಿರವಾದಾಗ ಮುಟ್ಟಿದ್ದಳು.

ಮಗ್ಗಕ್ಕೆ ಕೂತವರ ಬೆನ್ನ ಹಿಂದಿನ ಗೋಡೆಯ ಗೂಡಿನಲ್ಲಿ ಇಷ್ಟಲಿಂಗ ಇಡುವ ಒಂದು ಬೆಳ್ಳಿಯ ಕರಡಿಗೆ ಇತ್ತಂತೆ. ಇಂದ್ರಾಬಾಯಿಯ ಅತ್ತೆ ಬದುಕಿರುವತನಕ ಕೊರಳಲ್ಲಿ ಧರಿಸಿದ್ದು. ಲಿಂಗ ಅವರೊಡನೆ ಮಣ್ಣಿಗೆ ಹೋಯಿತು. ಕರಡಿಗೆ ಮನೆಯಲ್ಲಿ ಉಳಿದು, ದಿನಾ ಸಂಜೆ ಅದರ ಮುಂದೆ ದೀಪ ಹಚ್ಚುತ್ತಿದ್ದರು. ಆ ಸಂಜೆ ದೀಪ ಹಚ್ಚಲು ಹೋದರೆ ಗೂಡು ಖಾಲಿ.

"ಕೋಣ್ಯಾಗ ನಾ ಒಬ್ಬಾಕಿನ ಇದ್ದೆ, ಖರೆ," ಎಂದಳು ರೋಹಿಣಿ. "ವಿಜಯ ಆ ಮನಿ ಕಾಕಾನ ಜೋಡಿ ಗಾಡಿ ಮ್ಯಾಲೆ ಖಾನಾವಳಿಗೆ ಹೋದ. ಕಾಕು ಅಡಗಿ ಮನ್ಯಾಗ ಇದ್ರು. ನಾ ಕದ ಹಾಕ್ಕೊಂಡು ಖಾಲಿ ಕೋಣಿ ಸದ್ದು ಹಿಡೀತಿದ್ದೆ. ಆದ್ರ ಕರಡಿಗಿ ನಾ ನೋಡೇ ಇಲ್ರಿ. ನಾ ಬಂದಾಗ ಗೂಡಿನಾಗ ಏನೂ ಇರಲಿಲ್ಲ."

ಬಾಳಮ್ಮ ಲೋಟ ಕೆಳಗಿಟ್ಟಳು. "ಖಾಲಿ ಕೋಣಿ ಸದ್ದು ಅಂತ. ಪೊಲೀಸರ ಮುಂದ ಇದನ್ನ ಹೇಳಿದ್ರ ನಗ್ತಾರ."

ನಕ್ಕರೂ ತಪ್ಪಿಲ್ಲ. ಮಾತುಗಳ ನಡುವೆ ಚಿತ್ರ ಸತ್ತಂತಾಗಬಾರದೆಂದು ಜನರಿಲ್ಲದ ಕೋಣೆಯ ಮೌನವನ್ನೂ ಹಿಡಿದು ತರುವುದು ಸಿನಿಮಾದವರ ಪದ್ಧತಿ. ಕದ ಹಾಕಿಕೊಂಡು ಒಬ್ಬಳೇ ಸುಮ್ಮನೆ ಕೂತಿದ್ದೆ ಎನ್ನುವುದು ಕಾಲೇಜಿನಲ್ಲಿ ಪಾಠ, ಇಳಕಲ್ಲಿನಲ್ಲಿ ಗುನ್ನೆ.

ನಾನು ಸ್ಟೋರಿಗೆ ಹೋದಾಗ ವಿಜಯಮಹಾಂತೇಶ ಬಾಗಿಲಲ್ಲೇ ನಿಂತಿದ್ದ.

"ಚಾಚಾ, ರಿಫ್ಲೆಕ್ಟರ್ ಬ್ಯಾಗ್ ಒಂದು ತಾಸು ಕೊಡ್ರಿ. ಅಭ್ಯಾಸ ಮಾಡಬೇಕು."

ರಿಫ್ಲೆಕ್ಟರ್ ಎಂದರೆ ಬಿಸಿಲನ್ನು ಮುಖದ ಮೇಲೆ ತಿರುಗಿಸುವ, ಮಡಚಿದರೆ ದುಂಡಗಾಗಿ ಚೀಲದೊಳಗೆ ಕೂರುವ ಬಿಳಿ ಬಟ್ಟೆ. ಅವನು ಅದನ್ನು ಭಾನುವಾರ ರಾತ್ರಿ ಒಪ್ಪಿಸಿದ್ದ; ಸೋಮವಾರದಿಂದ ದಿನಾ ಕೇಳುತ್ತಿದ್ದ. ಒಬ್ಬರ ಸರದಿ ಮುಗಿದ ಮೇಲೆ ಎಲ್ಲರ ಸರದಿ ತಿರುಗುವತನಕ ಸಾಮಾನು ಕೊಡುವುದಿಲ್ಲ ಎಂಬುದು ನನ್ನ ನಿಯಮ. ಈ ಕಾಲದಲ್ಲೂ ಇಷ್ಟು ಅಭ್ಯಾಸದ ಹುಡುಗ ಇದ್ದಾನಲ್ಲ ಎಂದು ಸಂತೋಷಪಟ್ಟು ಇಲ್ಲವೆಂದೆ.

ಅಷ್ಟರಲ್ಲಿ ಇಳಕಲ್ಲಿನವರು ಬಂದರು. ಇಂದ್ರಾಬಾಯಿ, ಆಕೆಯ ಗಂಡ ರಾಚಯ್ಯ. ಇಲ್ಲಿ ಇತ್ಯರ್ಥವಾಗದಿದ್ದರೆ ಇಲ್ಲಿಂದ ನೇರ ಠಾಣೆಗೆ ಎಂದು ರಾಚಯ್ಯ ಮೊದಲೇ ಫೋನಿನಲ್ಲಿ ತಿಳಿಸಿದ್ದರು. ಎಡಿಟಿಂಗ್ ಕೋಣೆಯಲ್ಲಿ ಎಲ್ಲರೂ ಸೇರಿದ ಮೇಲೆ ಅವರಿಗೆ ಕುರ್ಚಿ ಕೊಟ್ಟು, ರಾಚಯ್ಯನವರ ಹೆಗಲ ಚೀಲವನ್ನು ಕಾಲಬಳಿ ಇಡಲು ಹೋದೆ.

"ಚಾಚಾ, ಅದನ್ನ ಕೆಳಗ ಇಡಬ್ಯಾಡ್ರಿ," ಎಂದು ವಿಜಯಮಹಾಂತೇಶ ನನ್ನ ಕೈಯಿಂದ ತೆಗೆದುಕೊಂಡ. "ಅದರಾಗ ಇಬತ್ತಿ ಇರ್ತೈತಿ." ವಿಭೂತಿಯ ಆ ಚೀಲವನ್ನು ಗೋಡೆಯ ಗೂಟಕ್ಕೆ ಮೆತ್ತಗೆ ತೂಗುಹಾಕಿದ. ರಾಚಯ್ಯ ತಲೆದೂಗಿದರು. ತಮ್ಮವನೇ ಆದ ಹುಡುಗನ ಬಗ್ಗೆ ಅವರಿಗೆ ಮೊದಲಿಂದಲೂ ಒಳ್ಳೆಯ ಅಭಿಪ್ರಾಯ.

"ನಮ್ಮ ಮಂದಿ ಆಗಿದ್ರ ಆ ಕರಡಿಗಿ ಮುಟ್ಟಾಕ ಅಂಜತಿದ್ರು," ಎಂದರು ಅವರು, ಯಾರನ್ನೂ ನೋಡದೆ. ಬಾಳಮ್ಮ ಸೆರಗನ್ನು ಇನ್ನೂ ಬಿಗಿಯಾಗಿ ಹೊದ್ದುಕೊಂಡಳು. ರಮಾಬಾಯಿಯವರು ಕನ್ನಡಕ ಒರೆಸಿಕೊಂಡರು.

"ಪಿಚ್ಚರ್ ಹಚ್ಚು," ಎಂದರು.

ವಿಜಯಮಹಾಂತೇಶನ ಚಿತ್ರ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಇಂದ್ರಾಬಾಯಿಯ ಕೈ, ಮಗ್ಗದ ಕೆಳಗಿನ ಕುಣಿಯಲ್ಲಿ ತುಳಿಯುವ ಕಾಲು, ಕರಿ ಸೀರೆಯ ಒಡಲಲ್ಲಿ ಓಡುವ ಲಾಳಿ, ಬೆವರು ಒರೆಸಿಕೊಳ್ಳುವ ಮುಖ. ಹೀಗೆ ಹತ್ತಿರದ ಆರು ಶಾಟು. ಏಳನೆಯದರಲ್ಲಿ ಕ್ಯಾಮೆರಾ ದೂರ ಸರಿದು, ಇಡೀ ಕೋಣೆ, ಮಗ್ಗ, ಆಕೆಯ ಬೆನ್ನ ಹಿಂದಿನ ಗೂಡು, ಗೂಡಿನಲ್ಲಿ ಮಿನುಗುವ ಕರಡಿಗೆ. ಅಲ್ಲಿಗೆ ಕತ್ತಲು.

"ನೋಡ್ರಿ," ಎಂದರು ರಾಚಯ್ಯ. "ಎಲ್ಲಾ ತಗದಾದ ಮ್ಯಾಲೆನೂ ಕರಡಿಗಿ ಐತಿ. ಇದಾದ ಮ್ಯಾಲೆ ನಾವು ಊಟಕ್ಕ ಹೋದ್ವಿ. ಆಮ್ಯಾಲೆ ಕೋಣ್ಯಾಗ ಉಳದಾಕಿ ಯಾರು?"

"ಇದು ಊಟಕ್ಕ ಮೊದಲು ತಗದದ್ದೇನಪಾ?" ರಮಾಬಾಯಿ ಕೇಳಿದರು.

"ಹೌದ್ರಿ ಮೇಡಂ. ಕಟ್ಟಕಡೀದು," ಎಂದ ವಿಜಯಮಹಾಂತೇಶ.

"ನಾ ಇದ್ದಾಗ ಅಂವ ಬರೇ ಕೈ, ಮಾರಿ ತಗದಾನ್ರಿ," ಎಂದಳು ರೋಹಿಣಿ.

"ನೀ ಹೊರಗ ಬ್ಯಾಟ್ರಿ ಹಾಕಾಕ ಹೋಗಿದ್ದಿ."

ನಾನು ನನ್ನ ತಪ್ಪು ಉತ್ತರ ಹೇಳಿದೆ: ಫೈಲಿನ ಸಮಯ ನೋಡಿದರೆ ಗೊತ್ತಾಗುತ್ತದಲ್ಲ. ರಮಾಬಾಯಿಯವರು ನನ್ನನ್ನು ಕರುಣೆಯಿಂದ ನೋಡಿದರು. ನಮ್ಮ ಕ್ಯಾಮೆರಾ ಬ್ಯಾಟರಿ ಬದಲಿಸಿದಾಗಲೆಲ್ಲ ತಾರೀಖು ಮರೆಯುತ್ತದೆ. ಅದರ ಮಟ್ಟಿಗೆ ಎಲ್ಲ ದಿನವೂ ಜನವರಿ ಒಂದು. ಇನ್ನು ಮೂಲ ಫೈಲುಗಳು? ಕಾರ್ಡು ಖಾಲಿ ಮಾಡಿಯೇ ಒಪ್ಪಿಸಬೇಕು ಎಂದು ಸ್ಟೋರಿನ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಿದವನು ನಾನೇ.

"ಇಂದ್ರಾಬಾಯಿ, ನಿಮಗ ನೆನಪೈತೇನ್ರಿ?"

"ಅಂವ ಇನ್ನೊಮ್ಮಿ, ಇನ್ನೊಮ್ಮಿ ಅಂತಿದ್ದ, ನಾ ಲಾಳಿ ಒಗೀತಿದ್ದೆ. ಹತ್ತು ಸಲ ಬೆವರು ಒರಸಿಸ್ಯಾನ, ಬೆವರ ಇರಲಿಲ್ಲ," ಎಂದರು ಇಂದ್ರಾಬಾಯಿ. "ಗೂಡು ನನ್ನ ಬೆನ್ನ ಹಿಂದ ಇತ್ತು. ತಿರುಗಬ್ಯಾಡ್ರಿ ಅಂದಿದ್ದ."

ರಮಾಬಾಯಿಯವರು ಸದ್ದು ಮುಚ್ಚಿಸಿ ಮತ್ತೊಮ್ಮೆ ಹಾಕಿಸಿದರು. ಅದು ಅವರ ತರಗತಿಯ ಕ್ರಮ: ಮೊದಲ ಸಲ ಕತೆ ನೋಡಿ, ಎರಡನೆಯ ಸಲ ಕತೆ ಬಿಟ್ಟು ಸಾಮಾನು ನೋಡಿ ಎನ್ನುತ್ತಾರೆ. ಲಾಳಿಯ ಶಾಟಿಗೆ ಬಂದಾಗ ನಿಲ್ಲಿಸಿದರು. ಏಳನೆಯದಕ್ಕೆ ಹೋಗಿ ಮತ್ತೆ ನಿಲ್ಲಿಸಿದರು. ಹಾಗೇ ಎರಡು ಸಲ ಹೋಗಿ ಬಂದರು.

"ಇಂದ್ರಾಬಾಯಿ, ಅವತ್ತ ಹಾಸಿನ ಉದ್ದ ಎಳಿ ಹರದಿತ್ತೇನ್ರಿ?"

ಇಂದ್ರಾಬಾಯಿಗೆ ಆಶ್ಚರ್ಯವಾಯಿತು. "ಒಂದ ಹರದಿತ್ತು. ಮುಂಜಾನೆ ಕುಂತ ಕೂಡಲೇ. ಕರೀ ನೂಲು ಕೈಗೆ ಸಿಗಲಿಲ್ಲಂತ ಸದ್ಯಕ್ಕ ಬಿಳೀ ಎಳಿ ಗಂಟು ಹಾಕಿದ್ದೆ. ನಿಮಗ ಹೆಂಗ ಗೊತ್ತು?"

"ಒಂದ?"

"ಒಂದ. ಎರಡು ಹರದ್ರ ಅವತ್ತ ನಾ ಮಗ್ಗಕ್ಕ ಕುಂದ್ರತಿರಲಿಲ್ಲ."

ರಮಾಬಾಯಿಯವರು ಚಹಾ ತರಿಸಿದರು. ಎಲ್ಲರ ಕೈಗೂ ಲೋಟ ಬಂದ ಮೇಲೆ ಪರದೆಯ ಪಕ್ಕದಲ್ಲಿ ನಿಂತು ಪಾಠ ಹೇಳುವ ದನಿಯಲ್ಲೇ ಶುರುಮಾಡಿದರು.

"ಪಿಚ್ಚರಿನ್ಯಾಗ ಕಡೀಕ ಬಂದದ್ದು ಕಡೀಕ ತಗದದ್ದು ಅಂತ ನಾವೆಲ್ಲ ನಂಬತೀವಿ. ನಂಬಲಿ ಅಂತನ ಹಂಗ ಜೋಡಸ್ತಾರ. ಅದೇನು ತಪ್ಪಲ್ಲ, ನಾನ ಕಲಿಸೇನಿ. ಆದ್ರ ಮಗ್ಗಕ್ಕ ಎಡಿಟಿಂಗ್ ಬರೂದಿಲ್ಲ. ಇಲ್ಲಿ ನೋಡ್ರಿ."

ಏಳನೆಯ ಶಾಟನ್ನು ದೊಡ್ಡದು ಮಾಡಿದರು. ಕರಿ ಬಟ್ಟೆಯ ಮೇಲೆ, ನೂಲು ಬಡಿದು ಕೂರಿಸುವ ಹಣಿಗೆಗೆ ಅಂಟಿದಂತೆ, ಉಗುರಿನಷ್ಟು ಬಿಳಿ ಗೆರೆ. ಆಮೇಲೆ ಲಾಳಿಯ ಶಾಟು. ಅದೇ ಬಿಳಿ ಗೆರೆ ಹಣಿಗೆಯಿಂದ ದೂರ ಬಂದು, ಇಂದ್ರಾಬಾಯಿಯ ಮಡಿಲ ಹತ್ತಿರ ಬಟ್ಟೆ ಸುತ್ತುವ ಮರದ ಅಂಚಿನಲ್ಲಿತ್ತು.

"ನೇಯ್ದ ಬಟ್ಟಿ ನೇಕಾರರ ಕಡೆ ಬರತೈತಿ, ಹಣಗಿ ಕಡೆ ವಾಪಸ್ ಹೋಗೂದಿಲ್ಲ. ಅಂದ್ರ ಕಡೀ ಶಾಟು ಎಲ್ಲಕ್ಕಿಂತ ಮೊದಲು ತಗದದ್ದು. ಮುಂಜಾನೆ, ಎಳಿ ಕಟ್ಟಿದ ಕೂಡಲೇ. ರೋಹಿಣಿ ಅವಾಗ ದಾರಿ ಕ್ರಾಸಿನ್ಯಾಗ ಬಸ್ಸು ಕಾಯ್ತಿದ್ಲು. ಆಕಿ ಬಂದಾಗ ಗೂಡು ಖಾಲಿ ಇತ್ತು ಅಂದದ್ದು ಸುಳ್ಳು ಅನ್ನಾಕ ಈಗ ಯಾವ ಪುರಾವೆನೂ ಇಲ್ಲ."

ಕೋಣೆಯಲ್ಲಿ ಯಾರೂ ಚಹಾ ಕುಡಿಯುತ್ತಿರಲಿಲ್ಲ. ವಿಜಯಮಹಾಂತೇಶ ನೆಲ ನೋಡುತ್ತಿದ್ದ.

"ಇನ್ನ ಎಲ್ಲಿ ಹೋತು ಅನ್ನೂದು. ಹೋದ ಪರೀಕ್ಷಾದಾಗ ಇವನ ಚಿತ್ರದಾಗ ಒಂದು ಸ್ಟೀಲ್ ಲೋಟ ಇತ್ತು. ಲೋಟದಾಗ ಕ್ಯಾಮೆರಾ, ಕ್ಯಾಮೆರಾದ ಹಿಂದ ಇಂವ, ಇವನ ಹಿಂದ ಮಂಡಕ್ಕಿ ತಿನ್ನೂ ಗೆಳೆಯಾರು, ಎಲ್ಲಾರೂ ಕಾಣತಿದ್ರು. ನಾ ಅಂಕ ಕಡದೆ. ಹೊಳಿಯೂ ಸಾಮಾನು ಮೊದಲು ತಗದಿಡ್ರಿ ಅಂತ ಇಡೀ ಕ್ಲಾಸಿಗೆ ಹೇಳಿದೆ. ದೊಡ್ಡ ಶಾಟಿನ್ಯಾಗ ಕರಡಿಗಿ ಚಂದ ಕಂಡಿತು. ಹತ್ತರ ಹೋದ ಮ್ಯಾಲೆ ಚಿತ್ರದ ಅಂಚಿನ್ಯಾಗ ಮಿಂಚಾಕ ಹತ್ತಿತು. ತಗದ. ಅಲ್ಲೇನಪಾ?"

ವಿಜಯಮಹಾಂತೇಶ ಲೋಟವನ್ನು ಮೇಜಿನ ಮೇಲಿಟ್ಟ. ರಮಾಬಾಯಿ ಮುಂದುವರಿಸಿದರು.

"ಬ್ಯಾರೆ ಯಾರಾದ್ರೂ ಆಗಿದ್ರ ಕೆಳಗ ಕ್ಯಾಮೆರಾ ಪೆಟ್ಟಿಗಿ ಮಗ್ಗಲಕ ಇಟ್ಟು ಕೆಲಸ ಮುಂದುವರಸತಿದ್ರು. ಸಂಜೀಕ ಕಸ ಹೊಡಿಯೂವಾಗ ಸಿಗತಿತ್ತು. ಇಂವ ಹಂಗ ಮಾಡೂ ಪೈಕಿ ಅಲ್ಲ. ಈಗಷ್ಟ ನಿಮ್ಮ ಚೀಲ ಗೂಟಕ್ಕ ಹಾಕಿದ್ನಲ್ಲ." ರಮಾಬಾಯಿಯವರು ರಾಚಯ್ಯನವರ ಕಡೆ ತಿರುಗಿದರು. "ನಮ್ಮ ಮಂದಿ ಆಗಿದ್ರ ಮುಟ್ಟತಿರಲಿಲ್ಲ ಅಂದ್ರಿ. ನಿಮ್ಮ ಮಂದಿ ಮುಟ್ಟಿದ್ದಕ್ಕ ಅದು ಕಳೀತು. ನೆಲಕ್ಕ ಇಡಬಾರದಂತ ಗೂಟಕ್ಕ ತೂಗಿದ್ದ ಚೀಲದಾಗ, ಬಿಳೀ ಬಟ್ಟಿ ಒಳಗ, ಮರ್ಯಾದಿಲೆ ಇಟ್ಟಾನ. ಹೋಗುವಾಗ ಚೀಲ ಹೆಗಲಿಗೆ ಹಾಕ್ಕೊಂಡು ಹೋಗ್ಯಾನ. ಫಕ್ರುಸಾಬರ, ಈ ವಾರ ಇಂವ ನಿಮ್ಮ ಕಡೆ ಏನಾರ ಕೇಳಿದ್ನೇನು?"

ಅಭ್ಯಾಸಕ್ಕೆಂದು ದಿನಾ ರಿಫ್ಲೆಕ್ಟರ್ ಕೇಳುತ್ತಿದ್ದ ಎಂದೆ. ಎದ್ದು ಹೋಗಿ ಸ್ಟೋರು ತೆಗೆದೆ. ರಿಫ್ಲೆಕ್ಟರಿನ ಚೀಲ ನಾನು ತೂಗುಹಾಕಿದಲ್ಲೇ ಇತ್ತು. ಜಿಪ್ಪು ಎಳೆದು ಮಡಿಕೆಯೊಳಗೆ ಕೈ ಹಾಕಿದಾಗ ಬೆರಳಿಗೆ ತಣ್ಣಗೆ, ದುಂಡಗೆ ಹತ್ತಿತು. ನಾಲ್ಕು ದಿನ ಇಡೀ ಜಿಲ್ಲೆಯಲ್ಲಿ ಅದಕ್ಕಿಂತ ಭದ್ರವಾಗಿ ಕಾವಲಿದ್ದ ಕಳವಿನ ಮಾಲು ಇರಲಿಕ್ಕಿಲ್ಲ. ಬೀಗದ ಕೈ ನನ್ನ ಸೊಂಟದಲ್ಲಿತ್ತು.

ತಂದು ಮೇಜಿನ ಮೇಲಿಟ್ಟೆ. ಇಂದ್ರಾಬಾಯಿ ಅದನ್ನು ಕಣ್ಣಿಗೆ ಒತ್ತಿಕೊಂಡರು.

"ಅವತ್ತ ರಾತ್ರಿ ಕಾಕಾ ಫೋನ್ ಮಾಡಿದಾಗ ನೆನಪಾತ್ರಿ," ಎಂದ ವಿಜಯಮಹಾಂತೇಶ ಕೊನೆಗೂ. "ಅಷ್ಟರಾಗ ಬ್ಯಾಗ್ ಒಪ್ಪಿಸಿದ್ದೆ. ಕಳ್ಳ ಅಂತಾರಂತ ಅಂಜಿ, ಊಟಕ್ಕ ಹೋಗುವಾಗ ಗೂಡಿನಾಗ ಇತ್ತು ಅಂದೆ. ಬ್ಯಾಗ್ ಸಿಕ್ಕ ಕೂಡಲೇ ಗಪ್‌ಚಿಪ್ ಇಟ್ಟು ಬರೋಣ ಅಂತಿದ್ದೆ."

"ಮರತದ್ದು ತಪ್ಪಲ್ಲ," ಎಂದರು ರಮಾಬಾಯಿ. "ಆಕಿ ಟ್ರಂಕ್ ಕಟ್ಟೂದು ನೋಡಿನೂ ನೀ ಅಭ್ಯಾಸಕ್ಕ ರಿಫ್ಲೆಕ್ಟರ್ ಕೇಳಿದಿ. ಅದು ತಪ್ಪು. ಏನು ಮಾಡಬೇಕಂತ ಪ್ರಾಚಾರ್ಯರ ಮುಂದ ನೀನ ಹೇಳು, ನಾಳೆ. ಇವತ್ತಿಂದು ಬ್ಯಾರೆ ಐತಿ."

ರಾಚಯ್ಯ ಗೂಟದಿಂದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡರು. ಆಮೇಲೆ ಬಾಳಮ್ಮನ ಮುಂದೆ ಹೋಗಿ ನಿಂತರು. "ತಂಗಿ, ನನ್ನ ಮಾತು ಹೊಟ್ಟ್ಯಾಗ ಹಾಕ್ಕೋ."

"ಎಷ್ಟಂತ ಹಾಕ್ಕೊಳ್ಳೂದ್ರಿ ಅಣ್ಣಾರ," ಎಂದಳು ಬಾಳಮ್ಮ. ಸಿಟ್ಟಿನಿಂದೇನಲ್ಲ, ಹೊಟ್ಟೆಯಲ್ಲಿ ಉಳಿದ ಜಾಗದ ಲೆಕ್ಕ ಹೇಳುವಂತೆ.

ಇಂದ್ರಾಬಾಯಿ ಕರಡಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ರೋಹಿಣಿಯ ಕಡೆ ನೋಡಿದರು. "ಆ ಖಾಲಿ ಕೋಣಿ ಸದ್ದು ಐತೇನವಾ ಇನ್ನೂ?"

ರೋಹಿಣಿ ಅದನ್ನು ಕೇಳಿಸಿದಳು. ಮೊದಲು ಏನೂ ಇಲ್ಲವೆನಿಸಿತು. ಆಮೇಲೆ ದೂರದಲ್ಲಿ ಯಾರದೋ ಮಗ್ಗ, ಒಳಗಡೆ ರೊಟ್ಟಿ ಬಡಿಯುವ ಸದ್ದು, ನಡುವೆ ಒಂದು ಸಣ್ಣ ಹಾಡು.

"ನಾನ ಅದು," ಎಂದರು ಇಂದ್ರಾಬಾಯಿ. "ನಾ ಹಾಡತೀನಿ ಅಂತ ನನಗ ಗೊತ್ತಿರಲಿಲ್ಲ. ಇನ್ನೊಮ್ಮಿ ಬರ್ತಿದ್ರ ಮುಂಜಾನೇನ ಬಾ. ಕ್ಯಾಮೆರಾ ನೀ ಹಿಡಿ."

ಮಧ್ಯಾಹ್ನದ ಬಸ್ಸಿಗೆ ಬಾಳಮ್ಮ ಒಬ್ಬಳೇ ಹೋದಳು. ರಮಾಬಾಯಿಯವರು ಹೇಳಿದ 'ಇವತ್ತಿಂದು' ಏನೆಂದರೆ, ಟ್ರಂಕನ್ನು ಕಟ್ಟೆಯಿಂದ ಹಾಸ್ಟೆಲಿನ ಒಳಬಾಗಿಲವರೆಗೆ ವಿಜಯಮಹಾಂತೇಶ ಹೊರಬೇಕು. ಅದರಲ್ಲಿ ಪುಸ್ತಕಗಳಿದ್ದವು, ಹುಡುಗನ ಕುತ್ತಿಗೆಯ ನರ ಎದ್ದು ಕಂಡಿತು. ಗಂಡಸರು ಅಲ್ಲಿಂದಾಚೆ ಹೋಗುವಂತಿಲ್ಲ. ಹೊಸ್ತಿಲ ಮುಂದೆ ನಿಂತು, ಎಲ್ಲಿಡಲಿ ಎಂಬಂತೆ ಅತ್ತಿತ್ತ ನೋಡಿದ.

"ನೆಲಕ್ಕ ಇಡು," ಎಂದಳು ರೋಹಿಣಿ. "ಇಲ್ಲಂದ್ರ ಮತ್ತ ಕಳೀತದ."