ಗಂಟಲಲ್ಲಿ ಉಳಿದ ಗುಳ್ಳೆ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಬೆಳ್ಗಲ್ಲು ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರನ ಹೆಸರು ಸೌಮ್ಯದೇವ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುತ್ತಾರಲ್ಲ, ಹಾಗೆ. ಸೌಮ್ಯ ಅನ್ನುವುದು ಅವನ ಹೆಸರಿನಲ್ಲಿತ್ತೇ ಹೊರತು ಸ್ವಭಾವದಲ್ಲಿರಲಿಲ್ಲ. ಅನ್ನ ಬೇಯುವ ತನಕ ಹೇಗೋ ಕಾಯುತ್ತಿದ್ದ, ಆರುವ ತನಕ ಕಾಯುತ್ತಿರಲಿಲ್ಲ. ದಿನಾ ನಾಲಿಗೆ ಸುಟ್ಟುಕೊಳ್ಳುತ್ತಿದ್ದ.

ಅವನು ತೊಟ್ಟಿಲಲ್ಲಿದ್ದಾಗಲೇ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ಅಕ್ಕ ಸೋವಲದೇವಿಯೇ ಊದಿ ಊದಿ ತುತ್ತು ಕೊಟ್ಟು ಅವನನ್ನು ಬೆಳೆಸಿದಳು. ರಾಜ್ಯವನ್ನೂ ತಮ್ಮನನ್ನೂ ಒಟ್ಟಿಗೇ ಸಾಕಿದವಳು ಅವಳು. ಎರಡರಲ್ಲಿ ತಮ್ಮನೇ ಹೆಚ್ಚು ಕಷ್ಟ ಎಂದು ನಗುತ್ತಿದ್ದಳು.

ಆ ರಾಜ್ಯದ ಬಡಗಣ ಬೆಟ್ಟದ ಗುಹೆಯಲ್ಲಿ ಹೆಪ್ಪುಗಣ್ಣ ಎಂಬ ಮುದಿ ಮಾಂತ್ರಿಕನಿದ್ದ. ಹೆಪ್ಪು ಹಾಕಿದರೆ ಹಾಲು ಮೊಸರಾಗುತ್ತದೆ. ಅವನು ಕಣ್ಣು ಹಾಕಿದರೆ ಜನ ಸ್ಫಟಿಕವಾಗುತ್ತಿದ್ದರು. ವಿಚಿತ್ರವೆಂದರೆ, ಬಂದವರಿಗೆ ಅವನು ಏನೂ ಮಾಡುತ್ತಿರಲಿಲ್ಲ. ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ಮನೆಮಂದಿಯ ಕುಶಲವನ್ನೆಲ್ಲ ಕೇಳುತ್ತಿದ್ದ. ಎದ್ದು ಹೊರಟವರ ಮೇಲೆ ಮಾತ್ರ ಕಣ್ಣು ಹಾಕುತ್ತಿದ್ದ. ಗುಹೆಯ ಬಾಯಲ್ಲಿ ಇಣುಕಿ ನೋಡಿ ಓಡಿಬಂದ ದನಗಾಹಿಗಳು ಇದನ್ನು ಊರಿಗೆಲ್ಲ ಹೇಳಿದ್ದರು.

ಗಂಡಂದಿರನ್ನು, ಮಕ್ಕಳನ್ನು ಕಳೆದುಕೊಂಡವರು ಅರಮನೆಯ ಮುಂದೆ ನಿಂತು ಅತ್ತರು. ಮುದುಕನೊಡನೆ ಮಾತಾಡಿ ಎಲ್ಲರನ್ನೂ ಬಿಡಿಸಿ ತರುತ್ತೇನೆಂದು ಸೋವಲದೇವಿ ಒಬ್ಬಳೇ ಬೆಟ್ಟ ಹತ್ತಿದಳು. ಹೋದವಳು ಬರಲಿಲ್ಲ.

ಸೌಮ್ಯದೇವನಿಗೆ ಅರಮನೆ ತಿನ್ನಲು ಬಂದಂತಾಯಿತು. ಮಂತ್ರಿಗಳು ಮುಹೂರ್ತ ನೋಡುವಷ್ಟರಲ್ಲಿ ಅವನು ಕೋಟೆಯ ಬಾಗಿಲು ದಾಟಿದ್ದ. ಸೊಂಟದಲ್ಲಿ ಚಕಮಕಿ ಕಲ್ಲಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹೆಪ್ಪುಗಟ್ಟಿದ ತುಪ್ಪ ಬಿಸಿಗೆ ಕರಗುವುದಿಲ್ಲವೇ, ಅಕ್ಕನೂ ಕರಗುತ್ತಾಳೆ ಎಂದುಕೊಂಡ.

ಗುಹೆಗೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ, ಹಾರಿಹೋಗಲು ರೆಕ್ಕೆ ಬಿಚ್ಚಿದ್ದ ಒಂದು ಪಾರಿವಾಳ ಸ್ಫಟಿಕವಾಗಿ ನಿಂತಿತ್ತು. ಅದರ ಗಂಟಲಲ್ಲಿ ಜೋಳದ ಕಾಳಿನಷ್ಟು ನೀರು, ನೀರಿನೊಳಗೆ ಸಾಸಿವೆಯಷ್ಟು ಗುಳ್ಳೆ. ಗುಳ್ಳೆ ಅತ್ತಿತ್ತ ಓಡಾಡುತ್ತಿತ್ತು. ರಾಜಕುಮಾರ ಅದನ್ನು ನೋಡುವ ಗೋಜಿಗೇ ಹೋಗಲಿಲ್ಲ. ಒಣ ಕಟ್ಟಿಗೆ ರಾಶಿ ಹಾಕಿ ಧಗಧಗ ಉರಿಸಿದ. ಪಾರಿವಾಳ ಫಟ್ಟೆಂದು ಸಿಡಿದು ನೂರು ಚೂರಾಯಿತು.

ಅವನು ಚೂರುಗಳನ್ನು ಮಡಿಲಿಗೆ ಹಾಕಿಕೊಂಡು ಅತ್ತ. ಅಕ್ಕನಿಗೂ ಹೀಗೇ ಮಾಡಿಬಿಡುತ್ತಿದ್ದೆನಲ್ಲ ಎಂದುಕೊಂಡ.

ಆಗ ಕತ್ತಲೊಳಗಿಂದ ಕರುವಿನಷ್ಟು ದೊಡ್ಡ ಉಡವೊಂದು ತೆವಳಿ ಬಂದು ಬೆಂಕಿಯ ಮುಂದೆ ಮಲಗಿತು. ರಾಜಕುಮಾರ ಓಡಿಸಲಿಲ್ಲ. ಚಳಿ ಯಾರಿಗಾದರೂ ಚಳಿಯೇ ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಮೈ ಬೆಚ್ಚಗಾದ ಮೇಲೆ ಉಡ ಮಾತಾಡಿತು.

“ನಾವು ಬಿಸಿಲಿಗೆ ಮೈ ಕಾಯಿಸಿಯೇ ಬದುಕುವವರು, ಕಾವಿನ ಸಂಗತಿ ನಮಗೆ ಗೊತ್ತು. ಯಾವ ಕಾವಿನಲ್ಲಿ ಕಲ್ಲಾದರೋ ಅದೇ ಕಾವಿಗೆ ಗಂಟಲ ಗುಳ್ಳೆ ಕರಗುತ್ತದೆ, ಜೀವ ಬರುತ್ತದೆ. ಕಡಿಮೆಯಾದರೆ ಕಲ್ಲು ಕಲ್ಲೇ. ಹೆಚ್ಚಾದರೆ ಸಿಡಿಯುತ್ತದೆ. ಕೋಪದಲ್ಲಿ ಕಲ್ಲಾದವರ ಕಾವು ಬೇರೆ, ಹೆದರಿ ಕಲ್ಲಾದವರ ಕಾವು ಬೇರೆ. ನೀನು ಬೆಂಕಿಯನ್ನು ನೋಡಬೇಡ, ಗುಳ್ಳೆಯನ್ನು ನೋಡು.”

ಎರಡನೆಯ ಬಾಗಿಲಲ್ಲಿ ಒಂದು ಸ್ಫಟಿಕದ ಜಿಂಕೆಯಿತ್ತು. ಈ ಸಲ ರಾಜಕುಮಾರ ನಾಲ್ಕೇ ಪುಳ್ಳೆ ಹಚ್ಚಿದ. ಗುಳ್ಳೆ ಸಾಸಿವೆಯಿಂದ ಗಸಗಸೆಯಷ್ಟಾಯಿತು. ಜಿಂಕೆ ಕಣ್ಣು ಮಿಟುಕಿಸಿದ್ದೇ ತಡ, ಇವನು ಗಾಬರಿಯಿಂದ ಬೆಂಕಿ ಎಳೆದುಬಿಟ್ಟ. ಗುಳ್ಳೆ ಮತ್ತೆ ಊದಿತು, ಜಿಂಕೆ ಮತ್ತೆ ಕಲ್ಲಾಯಿತು. ಅವನು ಹಲ್ಲು ಕಚ್ಚಿ ಕುಳಿತ. ಒಂದೊಂದೇ ಪುಳ್ಳೆ ಹಾಕುತ್ತ, ರೆಪ್ಪೆ ಬಡಿಯದೆ ನೋಡಿದ. ಗುಳ್ಳೆ ಗಸಗಸೆಯಾಗಿ, ಚುಕ್ಕೆಯಾಗಿ, ಮಾಯವಾಯಿತು. ಜಿಂಕೆ ಮೈ ಕೊಡವಿ, ಅವನ ಕೈ ಮೂಸಿ, ಹೊರಗೆ ಓಡಿತು.

ಮೂರನೆಯ ಬಾಗಿಲಾಚೆ ದೊಡ್ಡ ಹಜಾರ. ಹಜಾರದ ತುಂಬ ಸ್ಫಟಿಕದ ಜನ. ಎಲ್ಲರ ಬೆನ್ನೂ ಒಳಗೆ, ಮುಖ ಹೊರಗೆ, ಒಂದು ಕಾಲು ಬಾಗಿಲ ಕಡೆಗೆ ಎತ್ತಿದ್ದು. ನಡುವೆ ಚಾಪೆಯ ಮೇಲೆ ಹೆಪ್ಪುಗಣ್ಣ ಕುಳಿತಿದ್ದ. ರಾಜಕುಮಾರನನ್ನು ಕಂಡದ್ದೇ ಬೆಲ್ಲದ ತಟ್ಟೆ ಮುಂದೆ ಸರಿಸಿದ.

“ಬಾ ಮಗು, ಕೂತ್ಕೋ. ಎಷ್ಟು ಬೇಕಾದರೂ ಬೆಂಕಿ ಹಾಕು, ನಾನು ಬೇಡ ಅನ್ನೋದಿಲ್ಲ. ಎದ್ದು ಹೊರಡಬೇಡ, ಅಷ್ಟೇ.”

ಸೌಮ್ಯದೇವ ಅಕ್ಕನನ್ನು ಹುಡುಕಿದ. ಅವಳೊಬ್ಬಳೇ ಮುಖವನ್ನು ಹಿಂದಕ್ಕೆ ತಿರುಗಿಸಿ ಮುದುಕನನ್ನು ನೋಡುತ್ತ ನಿಂತಿದ್ದಳು. ತುಟಿ ಅರ್ಧ ತೆರೆದಿತ್ತು. ಚೆನ್ನಾಗಿ ಬೈಯುತ್ತಿದ್ದಿರಬೇಕು, ಅಕ್ಕನ ಕೋಪ ನನಗೆ ಗೊತ್ತಿಲ್ಲವೇ, ಇದಕ್ಕೆ ದೊಡ್ಡ ಬೆಂಕಿಯೇ ಬೇಕು ಎಂದು ಅವನು ಕಟ್ಟಿಗೆ ಒಟ್ಟಿ ಕೊಳ್ಳಿ ಹಚ್ಚಿದ. ಒಟ್ಟಿಲಿಗೆ ಇಡುವ ಮುಂಚೆ ಗುಳ್ಳೆ ಎಲ್ಲಿದೆ ನೋಡೋಣವೆಂದು ಅವಳ ಕೊರಳ ಮೇಲೆ ಅಂಗೈ ಇಟ್ಟು ಬಗ್ಗಿದ.

ಅಂಗೈ ಇಟ್ಟದ್ದಷ್ಟೇ, ಗುಳ್ಳೆ ಕುಗ್ಗಿತು. ಕೈ ತೆಗೆದ, ಹಿಗ್ಗಿತು. ಮತ್ತೆ ಇಟ್ಟ, ಮತ್ತೆ ಕುಗ್ಗಿತು.

ಅಕ್ಕ ಕೋಪದಲ್ಲೂ ಇರಲಿಲ್ಲ, ಭಯದಲ್ಲೂ ಇರಲಿಲ್ಲ. ಪಕ್ಕದಲ್ಲಿ ಕುಳಿತವರ ಮೈ ಬೆಚ್ಚಗಿರುತ್ತದಲ್ಲ, ಅಷ್ಟೇ ಅವಳ ಕಾವು. ಕೊಳ್ಳಿ ಇಟ್ಟಿದ್ದರೆ ಅವಳು ಚೂರಾಗುತ್ತಿದ್ದಳು. ರಾಜಕುಮಾರ ಕೊಳ್ಳಿಯನ್ನು ಬರಿಗಾಲಲ್ಲೇ ತುಳಿದು ಆರಿಸಿದ. ಅಕ್ಕನನ್ನು ತಬ್ಬಿ, ಅವಳ ಕೊರಳಿಗೆ ತನ್ನ ಕೆನ್ನೆ ಒತ್ತಿ ನಿಂತ.

ಸ್ಫಟಿಕ ಅವನ ಮೈಯ ಬಿಸಿಯನ್ನೆಲ್ಲ ಹೀರಿತು. ಹಲ್ಲು ಕಟಕಟ ಅಂದವು, ಕಾಲು ಮರಗಟ್ಟಿತು. ಯಾಕಿನ್ನೂ ಬೆಂಕಿ ಹಾಕಲಿಲ್ಲ ಎಂದು ಮುದುಕ ಕೇಳಿದ. ಇವನು ಹಾಕುವುದಿಲ್ಲ ಎಂದ. ಊಟದೆಲೆಯ ಮುಂದೆ ಒಂದು ಗಳಿಗೆ ಸುಮ್ಮನಿರಲಾರದ ಹುಡುಗ ಅಲುಗಾಡದೆ ನಿಂತೇ ಇದ್ದ. ಬಾಗಿಲ ಬಳಿಯ ಬಿಸಿಲು ಹಜಾರದ ನಡುವಿಗೆ ಬಂತು. ಗುಳ್ಳೆ ಗಸಗಸೆಯಾಯಿತು, ಚುಕ್ಕೆಯಾಯಿತು, ಕೊನೆಗೆ ಇಲ್ಲವಾಯಿತು.

ಅವನ ಕೆನ್ನೆಯ ಕೆಳಗೆ ಅಕ್ಕನ ಕೊರಳು ಮಿಡಿಯಿತು. ತುಟಿ ಅಲುಗಿತು.

“ಬರ್ತೀನಿ,” ಅಂದಳು ಸೋವಲದೇವಿ.

“ಎಲ್ಲಿಗಕ್ಕಾ?” ಎಂದ ತಮ್ಮ, ಅಳುತ್ತ.

ಅವಳು ಅವನ ತಲೆ ಸವರಿದಳು. ಆದರೆ ಆ ಮಾತು ಅವನಿಗಲ್ಲ. ಅವನ ಹೆಗಲ ಮೇಲಿಂದ ಅವಳು ಮುದುಕನನ್ನೇ ನೋಡುತ್ತಿದ್ದಳು.

“‘ಹೋಗಿ’ ಅನ್ನುವಷ್ಟರಲ್ಲೇ ನನ್ನನ್ನು ಕಲ್ಲು ಮಾಡಿಬಿಟ್ಟಿರಿ, ಅಜ್ಜ. ನನ್ನ ಮಾತಿನ್ನೂ ಮುಗಿದಿರಲಿಲ್ಲ.”

ಹೆಪ್ಪುಗಣ್ಣನ ಕೈಯಿಂದ ಬೆಲ್ಲ ಜಾರಿತು. ಇನ್ನೊಮ್ಮೆ ಹೇಳು ಎಂದು ಕೇಳಿಕೊಂಡ. ಅವಳು ಹೋಗಿ ಬರ್ತೀನಿ ಎಂದು ಪೂರ್ತಿಯಾಗಿ ಹೇಳಿದಳು. ಮುದುಕ ಸುತ್ತಲಿನ ಬೆನ್ನುಗಳನ್ನೆಲ್ಲ ಒಂದೊಂದಾಗಿ ನೋಡಿದ.

“ಇವರೂ ಹಾಗೇ ಅನ್ನುವವರಿದ್ದರೇ?”

ಸೋವಲದೇವಿಗೆ ಅವನ ಮೇಲೆ ಕರುಣೆ ಬಂತು, ಆದರೂ ಸುಳ್ಳು ಹೇಳಲಿಲ್ಲ. ಎಷ್ಟೋ ಜನ ಅನ್ನುವವರಿದ್ದರು ಎಂದಳು.

ಮುದುಕ ಮುಖ ಮುಚ್ಚಿಕೊಂಡು ಅತ್ತ. ಅತ್ತಷ್ಟೂ ಕಣ್ಣಿನ ಹೆಪ್ಪೆಲ್ಲ ನೀರಾಗಿ ಹರಿದುಹೋಯಿತು. ಕೊನೆಗೆ ಉಳಿದದ್ದು ಪೊರೆ ಬಂದ ಎರಡು ಮುದಿಗಣ್ಣು. ಆಮೇಲೆ ಅವನೇ ಕಟ್ಟಿಗೆ ತಂದುಕೊಟ್ಟ. ಸೌಮ್ಯದೇವ ಒಬ್ಬೊಬ್ಬರ ಗಂಟಲ ಗುಳ್ಳೆ ನೋಡಿ, ಒಬ್ಬೊಬ್ಬರಿಗೆ ಬೇಕಾದಷ್ಟೇ ಕಾವು ಕೊಟ್ಟ. ಸಿಟ್ಟಿನ ದಳವಾಯಿಗೆ ಗಾಡಿ ಕಟ್ಟಿಗೆ ಬೇಕಾಯಿತು. ಎಳೆ ಮಗುವಿಗೆ ಸೋವಲದೇವಿಯ ಮಡಿಲು ಸಾಕಾಯಿತು. ಎದ್ದವರಲ್ಲಿ ಕೆಲವರು ಮುದುಕನಿಗೆ ಬಾಯಿ ತುಂಬ ಬೈದರು, ಬೈಯಲೇಬೇಕಲ್ಲ. ಕೆಲವರು ತಿರುಗಿ ನೋಡದೆ ಓಡಿದರು. ಪಾರಿವಾಳ ಮಾತ್ರ ಬರಲಿಲ್ಲ. ಅದರ ಚೂರುಗಳನ್ನು ರಾಜಕುಮಾರ ಬೆಟ್ಟದ ಬುಡದಲ್ಲಿ ಹೂಳಿ ಕೈಮುಗಿದ.

ಬೆಳ್ಗಲ್ಲಿನ ಮನೆಮನೆಯಲ್ಲೂ ದೀಪ ಹತ್ತಿತು. ಅಲ್ಲಿನ ಜನ ಉಂಡು ಉಟ್ಟು ಸುಖವಾಗಿದ್ದರು. ಸುಗ್ಗಿ ಮುಗಿದ ಮೇಲೆ ಸೋವಲದೇವಿ ತಮ್ಮನನ್ನು ಕರೆದುಕೊಂಡು ಬೆಟ್ಟ ಹತ್ತಿದಳು. ಕಾಲಸಪ್ಪಳ ಕೇಳಿ ಮುದುಕ ತಡವರಿಸುತ್ತ ಚಾಪೆ ಹಾಸಿದ. ಮೂವರೂ ಕುಳಿತು ಹರಟಿದರು, ನಕ್ಕರು. ಹೊತ್ತು ಇಳಿಯಿತು. ಎದ್ದರೆ ಅಜ್ಜನಿಗೆ ನೋವಾದೀತೆಂದು ಅಕ್ಕ ತಮ್ಮ ಇಬ್ಬರೂ ಹಿಂದೆಮುಂದೆ ನೋಡುತ್ತಿದ್ದರು. ಆಗ ಮುದುಕ ತಾನೇ ಮೊದಲು ಎದ್ದು, ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆದು, ದಾರಿ ಬಿಟ್ಟು ನಿಂತ.

“ಹೊತ್ತಾಯಿತು ತಾಯಿ,” ಎಂದ. “ಹೋಗಿ ಬಾ.”