ಅಪ್‌ಡೇಟ್ ತಿಂದ ನಲವತ್ತು ಚೀಲ

ಮುಂಗಾರು ಹಿಡಿದು ಹದಿನೈದು ದಿನವಾಗಿತ್ತು. ನ್ಯಾಮತಿಯ ಹೊಸಮಣ್ಣು ರೈತ ಬೀಜ ಸಂಘದ ಎದುರು ಮೆಕ್ಕೆಜೋಳದ ಬೀಜಕ್ಕೆ ಬೆಳಿಗ್ಗೆಯಿಂದಲೇ ಸಾಲು. ಒಳಗೆ ಗುಮಾಸ್ತೆ ಸರ್ವಮಂಗಳಮ್ಮ ಒಂದೇ ಬೆರಳಲ್ಲಿ ಕಂಪ್ಯೂಟರಿಗೆ ಹೆಸರು ಕುಟ್ಟುತ್ತಿದ್ದಳು. ಪರದೆಯ ಮೂಲೆಯಲ್ಲಿ ನೀಲಿ ಚೌಕವೊಂದು ಎದ್ದು, ಅಪ್‌ಡೇಟ್ ಮಾಡಿಕೊಳ್ಳಿ ಎಂದಿತು.

"ಸಾರ್, ಇದು ಮತ್ತೆ ಬಂತು. ಏನ್ ಮಾಡಾಕೆ ಹೇಳ್ತೀರಿ?"

ಕಾರ್ಯದರ್ಶಿ ಗುರುಬಸವರಾಜ್‌ಗೆ ಆ ಚೌಕಕ್ಕಿಂತ ಅಸಹ್ಯವೆನಿಸುತ್ತಿದ್ದುದು ಈ ಪ್ರಶ್ನೆ. 'ನಂತರ' ಎಂದು ಒತ್ತಿದರೆ ಮುಗಿಯಿತು. ಮೂವತ್ತು ವರ್ಷ ರಿಜಿಸ್ಟರು ಬರೆದ ಅವಳ ಕೈಗೆ ಅಷ್ಟೂ ಬಾರದು. ಹೊರಗೆ ನಿಂತವರೂ ಅಂಥವರೇ, ಚೀಲದ ಮೇಲಿನ ಚಿತ್ರ ನೋಡಿ ಬೀಜ ಕೊಳ್ಳುವ ಮಂದಿ. ಅವಧಿ ಮೀರಿದ ನಲವತ್ತು ಚೀಲ ಬೀಜವನ್ನು ಹೊಸ ಚೀಲಗಳಿಗೆ ತುಂಬಿ ಅವರಿಗೆ ಮಾರಿದ್ದು ಅವನಿಗೆ ತಪ್ಪೆಂದೇ ಅನಿಸಿರಲಿಲ್ಲ.

ಅಷ್ಟರಲ್ಲಿ ಹೊನ್ನಾಳಿ ಕಡೆಯ ಕೊಟ್ರೇಶ್ ಸಾಲು ಸೀಳಿಕೊಂಡು ಬಂದು ಒಂದು ಹಿಡಿ ಮಣ್ಣನ್ನು ಮೇಜಿನ ಮೇಲೆ ಸುರಿದ. ಮಣ್ಣಿನಲ್ಲಿ ಉಬ್ಬಿ ಕೊಳೆತ ಕಾಳುಗಳಿದ್ದವು.

"ಮೂರೆಕರೆಗೆ ಹತ್ತು ಸಸಿ ಎದ್ದಿಲ್ಲ. ಬೀಜ ಕೊಟ್ರೋ, ಕೋಳಿ ಮೇವು ಕೊಟ್ರೋ?"

"ಆಳಕ್ಕೆ ಹೂತಿರ್ತೀರಿ. ಬಿತ್ತಾಕೆ ಬರದಿದ್ರೆ ಸಂಘ ಏನ್ ಮಾಡ್ತೈತೆ?"

"ಬಿತ್ತಾಕೆ ನಮ್ಮಪ್ಪ ಕಲಿಸ್ಯಾನೆ. ಮಾರಾಕೆ ನಿಮಗ್ಯಾರು ಕಲಿಸಿದ್ರೋ, ಅದನ್ನ ಕೃಷಿ ಇಲಾಖೆಯೋರು ಕೇಳ್ತಾರೆ ಬಿಡ್ರಿ."

ಆ ದಿನವೇ ಅವನು ದೂರು ಕೊಟ್ಟ.

ಗುರುಬಸವರಾಜ್ ಗಾಬರಿಯಾಗಲಿಲ್ಲ. ಹಳೆಯ ಚೀಲ, ಚೀಟಿ ಎಲ್ಲ ಸುಟ್ಟಾಗಿತ್ತು. ಉಳಿದಿದ್ದು ಕಂಪ್ಯೂಟರಿನ ದಾಸ್ತಾನು ಪಟ್ಟಿಯಲ್ಲಿ ಸರ್ವಮಂಗಳಮ್ಮ ಕುಟ್ಟಿದ್ದ ಒಂದು ಸಾಲು: ಅವಧಿ ಮೀರಿದ್ದು, ನಲವತ್ತು ಚೀಲ. ಆ ಸಾಲನ್ನಷ್ಟೇ ಅಳಿಸಿದರೆ ಅನುಮಾನ ಬರುತ್ತದೆ. ಇಡೀ ಪಟ್ಟಿಯೇ ಹೋದರೆ ಅದು ಯಂತ್ರದ ಕರ್ಮ. ಯಂತ್ರದ ಮೇಲೆ ಯಾರೂ ಕೇಸು ಹಾಕುವುದಿಲ್ಲ.

ಹನ್ನೆರಡು ದಿನ ಅವನು ಆ ಅಪ್‌ಡೇಟನ್ನು ಒಲೆಯ ಮೇಲಿನ ಹಾಲಿನಂತೆ ಕಾದ. ದಿನವೂ ತಾನೇ 'ನಂತರ' ಒತ್ತುತ್ತ, ಸಾಲಿನಲ್ಲಿದ್ದವರಿಗೂ ಕೇಳುವಂತೆ ಗೊಣಗುತ್ತಿದ್ದ.

"ಇದು ಒಮ್ಮೆ ಶುರುವಾದ್ರೆ ಒಳಗಿರೋದನ್ನೆಲ್ಲಾ ತಿಂದು ಹಾಕ್ತೈತೆ, ಮಂಗಳಮ್ಮಾ."

"ಎಲ್ಲಾನೂವಾ ಸಾರ್?"

"ಒಂದಕ್ಷರ ಬಿಡಲ್ಲ."

ಅವಳ ಮುಖ ಬಿಳಿಚಿಕೊಂಡದ್ದು ನೋಡಿ ಅವನು ಒಳಗೊಳಗೇ ನಕ್ಕ. ಸಾಕ್ಷಿಗೆ ಇಂಥ ಪೆದ್ದಿಯೇ ಬೇಕು. ಸಂಜೆ ಐದಕ್ಕೆ ಅವಳು ಏನೇನೋ ಪುಸ್ತಕ ಬಿಡಿಸಿ ಮುಂದಿಟ್ಟರೆ, ಬೆರಳು ತೋರಿಸಿದ ಕಡೆ ಹಸಿರು ಶಾಯಿಯಲ್ಲಿ ಸಹಿ ಎಳೆದು ಪೆನ್ನು ಮುಚ್ಚುತ್ತಿದ್ದ. ಓದಿ ನೋಡುವಂಥದ್ದನ್ನು ಅವಳು ಬರೆಯಲಾರಳು.

ಹದಿಮೂರನೆಯ ದಿನ, ಮಧ್ಯಾಹ್ನ ಕೃಷಿ ಇಲಾಖೆಯ ಅಧಿಕಾರಿ ಹೇಮಾವತಿ ಬರುತ್ತಾರೆಂದು ಫೋನು ಬಂತು. ಸರ್ವಮಂಗಳಮ್ಮ ಊಟಕ್ಕೆ ಹೋದಾಗ ಅವನು ಪಟ್ಟಿಯನ್ನು ಅಳಿಸಿದ, ಮತ್ತೆ ಸಿಗದಂತೆ ಬೇರುಸಹಿತ ಒರೆಸಿದ. ಆಮೇಲೆ 'ಈಗಲೇ ಅಪ್‌ಡೇಟ್' ಒತ್ತಿ, ಕೈಕಟ್ಟಿ ಕೂತ. ಸರ್ವಮಂಗಳಮ್ಮ ಊಟ ಮುಗಿಸಿ ಬಂದಳು. ಹಿಂದೆಯೇ ಜೀಪು ಬಂದಾಗ ನೀಲಿ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಿದ್ದವು. ಅವು ನಿಂತವು. ಪಟ್ಟಿ ಇರಲಿಲ್ಲ.

"ಎಲ್ಲಾ ಹೋಯ್ತಲ್ಲಾ ಮೇಡಂ! ಇವರನ್ನೇ ಕೇಳ್ರಿ, ಎಷ್ಟು ದಿನದಿಂದ ಹೇಳ್ತಿದ್ದೆ ಅಂತ."

"ಹೌದ್ರೀ ಮೇಡಂ, ಸಾರ್ ಹೇಳ್ತಾನೇ ಇದ್ರು," ಎಂದು ಸರ್ವಮಂಗಳಮ್ಮ ಬೀರು ತೆಗೆದು, ಬೈಂಡು ಹಾಕಿದ ಉದ್ದ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟಳು. "ಅದಕ್ಕೇ ಅದು ತಿನ್ನಾಕೆ ಮುಂಚೆ ನಾನೇ ಎಲ್ಲಾ ನೋಡಿ ಬರ್ಕೊಂಡೆ. ತಪ್ಪಾಗಬಾರ್ದು ಅಂತ ದಿನಾ ಸಂಜೆ ಸಾರ್ ಕೈಲೇ ಸಹಿ ಹಾಕಿಸೀನಿ." ಹೇಮಾವತಿ ಹಾಳೆ ಮಗುಚುತ್ತ ಹೋಗಿ ಹನ್ನೊಂದನೆಯದರಲ್ಲಿ ನಿಂತರು. ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: ಅವಧಿ ಮೀರಿದ್ದು, ನಲವತ್ತು ಚೀಲ. ಕೆಳಗೆ 'ಪರಿಶೀಲಿಸಿದೆ' ಎಂಬ ಮೊಹರು, ಕೊಟ್ರೇಶ್ ದೂರು ಕೊಟ್ಟ ನಂತರದ ದಿನಾಂಕ, ಹಸಿರು ಶಾಯಿಯಲ್ಲಿ ಗುರುಬಸವರಾಜ್‌ನದೇ ಸಹಿ.