ದಿನಕ್ಕೊಂದು ಮೆಟ್ಟಿಲು

ಈ ಭೂಮಂಡಲದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಗಳು ಹನ್ನೊಂದು ಲಕ್ಷವಾದರೂ ಇದ್ದಾವು. ಆದರೆ ನಮ್ಮೂರ ಅಂಗಡಿಯವನಷ್ಟು ಚುರುಕು ಬೆರಳು ಇನ್ನೊಬ್ಬನಿಗಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ಸತ್ತು ಮಲಗಿದ ಸರ್ವರ್ ಕೂಡ ಅವನು ಒಮ್ಮೆ ಕೆಮ್ಮಿದರೆ ಎದ್ದು ಕೂರುತ್ತಿತ್ತು. ಊರವರು ಅವನ ಹೆಸರನ್ನೇ ಮರೆತು 'ಸಬ್ಮಿಟ್' ಎಂದು ಕರೆಯುತ್ತಿದ್ದರು.

ಅಂಥ ಮಹಾಶೂರನ ಅಂಗಡಿಯಲ್ಲಿ ಇದ್ದದ್ದು ಎರಡೇ ಕುರ್ಚಿ. ಒಂದು ಅವನದು. ಇನ್ನೊಂದರಲ್ಲಿ ಯಾರೂ ಐದು ನಿಮಿಷಕ್ಕಿಂತ ಹೆಚ್ಚು ಕೂತ ದಾಖಲೆಯಿಲ್ಲ. ಪ್ರಿಂಟ್ ಕೈಗೆ ಬಂದದ್ದೇ ತಡ, ಅವನ ಮುಖವನ್ನೂ ನೋಡದೆ ಎದ್ದು ಹೋಗುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿ ಅವನು ಆ ಖಾಲಿ ಕುರ್ಚಿಯ ಎದುರು ಕೂತು ಉಣ್ಣುತ್ತಿದ್ದ. "ಇವತ್ತು ಉಪ್ಪು ಜಾಸ್ತಿ" ಎಂದು ಅದಕ್ಕೇ ಹೇಳುವುದೂ ಇತ್ತು. ಕುರ್ಚಿ ಪಾಪ, ಏನು ಹೇಳೀತು?

ಆ ಕುರ್ಚಿಗೆ ಒಂದು ದಿನ ಟೈಲರಮ್ಮನ ಮಗಳು ಬಂದು ಕೂತಳು. ಸಸ್ಯಶಾಸ್ತ್ರದಲ್ಲಿ ಡಿಗ್ರಿ ಮುಗಿಸಿದ್ದಳು; ಎಂ.ಎಸ್ಸಿ. ಸೀಟಿಗೆ ಅರ್ಜಿ ಹಾಕಬೇಕಿತ್ತು. ಅವಳ ಅಂಕ ನೋಡಿ ಸಬ್ಮಿಟ್ ಮಾನಿಟರನ್ನು ಬಟ್ಟೆಯಿಂದ ಒರೆಸಿ ಮತ್ತೊಮ್ಮೆ ನೋಡಿದ.

"ಹತ್ತು ಕಾಲೇಜು ಕ್ರಮವಾಗಿ ಹೇಳಿ ಮೇಡಂ. ಕಂಪ್ಯೂಟರು ಮೇಲಿಂದ ನೋಡ್ತಾ ಬರುತ್ತೆ. ಮೊದಲು ಎಲ್ಲಿ ಸೀಟು ಸಿಗುತ್ತೋ ಅಲ್ಲೇ ನಿಲ್ಲುತ್ತೆ. ಅದಕ್ಕಿಂತ ಕೆಳಗಿರೋದನ್ನ ತಿರುಗೀನೂ ನೋಡಲ್ಲ."

ಒಂಬತ್ತು ದೊಡ್ಡ ಹೆಸರು ಹೇಳಿದಳು. ಎಲ್ಲವೂ ರೈಲಿಗೇ ಸುಸ್ತಾಗುವಷ್ಟು ದೂರ. ಹತ್ತನೆಯದು ಅದೇ ಬೀದಿಯ ಕೊನೆಯಲ್ಲಿದ್ದ, ಗೋಡೆಯ ಬಣ್ಣ ಉದುರಿದ ಕಾಲೇಜು.

"ಇದು ಸೇಫ್ಟಿಗಾ?"

"ಎಲ್ಲರೂ ಹಾಗೇ ಅಂತಾರೆ," ಎಂದಳು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಮನೆಯವರನ್ನು ನೋಡುವ ಹಾಗೆ ಆ ಹತ್ತನೆಯ ಸಾಲನ್ನೇ ನೋಡುತ್ತಿದ್ದಳು.

ಮರುದಿನ ಮತ್ತೆ ಬಂದಳು.

"ಇನ್ನೂ ತಿದ್ದಬಹುದಲ್ವಾ?"

"ಇವತ್ತೂ ಸೇರಿ ಒಂಬತ್ತು ದಿನ ಇದೆ."

"ಹಾಗಾದ್ರೆ ಹತ್ತನೇದನ್ನ ಒಂಬತ್ತಕ್ಕೆ ತನ್ನಿ."

"ಅಷ್ಟೇನಾ?"

"ಇವತ್ತಿಗೆ ಅಷ್ಟೇ. ಒಂದೇ ಸಲ ಮೇಲೆ ಹತ್ತಿಸಿದ್ರೆ ತಲೆ ತಿರುಗುತ್ತೆ."

"ಕಾಲೇಜಿಗಾ, ನಿಮಗಾ?"

"ಅಮ್ಮನಿಗೆ," ಎಂದು ನಕ್ಕಳು.

ಹೀಗೆ ದಿನಕ್ಕೊಂದು ಮೆಟ್ಟಿಲು. ಒಂದು ಬಾಣದ ಗುರುತನ್ನು ಒಂದು ಸಲ ಒತ್ತುವ ಕೆಲಸ ಅದು. ಭೂಮಂಡಲದ ಅತಿ ಚುರುಕು ಬೆರಳಿಗೆ ಅದಕ್ಕೆ ನಲವತ್ತು ನಿಮಿಷ ಹಿಡಿಯತೊಡಗಿತು! ಪರದೆಯ ಗಾಜಿನಲ್ಲಿ ಅವಳ ಮುಖದ ನೆರಳು ಬೀಳುತ್ತಿತ್ತು. ಅವನು ಕಾಲೇಜಿನ ಹೆಸರು ಓದುವ ನೆಪದಲ್ಲಿ ಅದನ್ನೇ ಓದುತ್ತಿದ್ದ. ಅವಳು ಎದ್ದು ಹೋದ ಮೇಲೆ ಆ ಕುರ್ಚಿ ಮೊದಲಿಗಿಂತ ಸಾವಿರ ಪಟ್ಟು ಖಾಲಿಯಾಗುತ್ತಿತ್ತು. ಇದರಲ್ಲಿ ಮಾತ್ರ ಒಂದು ಗುಲಗಂಜಿಯಷ್ಟೂ ಉತ್ಪ್ರೇಕ್ಷೆಯಿಲ್ಲ.

ಕಾಲೇಜು ಆರನೇ ಸಾಲಿಗೆ ಬಂದ ದಿನ ಅವಳು ಗುಟ್ಟು ಬಿಟ್ಟುಕೊಟ್ಟಳು.

"ಅಲ್ಲೊಂದು ಕೋಣೆ ಇದೆ ರೀ. ಒಣಗಿಸಿದ ಗಿಡಗಳನ್ನ ಹಾಳೆ ಮೇಲೆ ದಾರದಿಂದ ಹೊಲಿದು ಇಟ್ಟಿದ್ದಾರೆ. ನೂರು ವರ್ಷದ ಹೂವುಗಳು! ಅಂಟು ಹಾಕಿದ್ದೆಲ್ಲ ಬಿಟ್ಕೊಂಡಿದೆ, ಹೊಲಿದಿದ್ದು ಮಾತ್ರ ನಿಂತಿದೆ. ಹನ್ನೆರಡು ವರ್ಷದವಳಿದ್ದಾಗ ಅಮ್ಮನ ಜೊತೆ ಅಲ್ಲಿನ ಪರದೆಗೆ ಅಳತೆ ತಗೊಳ್ಳೋಕೆ ಹೋಗಿದ್ದೆ. ಅವತ್ತೇ ಮನಸ್ಸು ಅಲ್ಲಿ ಕೂತುಬಿಡ್ತು."

"ಮತ್ತೆ ಮೊದಲನೇ ಸಾಲಿಗೇ ಹಾಕ್ಬಾರದಾ?"

"ಹಾಕಿದ್ರೆ ಸೀಟು ಖಂಡಿತ. ಅದೇ ಕಷ್ಟ. ಖಂಡಿತ ಸಿಗೋದನ್ನ ಯಾರಾದ್ರೂ ಆಸೆಪಡ್ತಾರಾ ಅಂತ ಎಲ್ಲರೂ ನಗ್ತಾರೆ."

ಸಬ್ಮಿಟ್ ಮೌಸು ಬಿಟ್ಟು ಅವಳತ್ತ ತಿರುಗಿದ. ಬೇರೆಲ್ಲ ಅಂಗಡಿ ಮುಚ್ಚಿದ್ದರೆ ಜನ ಅವನ ಬಗ್ಗೆ ಹೇಳುತ್ತಿದ್ದ ಮಾತೂ ಅದೇ ಜಾತಿಯದು: "ಸಬ್ಮಿಟ್ ಇದ್ದೇ ಇರ್ತಾನೆ ಬಿಡು."

ಕೊನೆಯ ದಿನ ಬಂತು. ಕಾಲೇಜು ಎರಡನೇ ಸಾಲಿನಲ್ಲಿ ನಿಂತಿತ್ತು. ಸಂಜೆ ಐದಕ್ಕೆ ವೆಬ್‌ಸೈಟ್ ಮುಚ್ಚುತ್ತದೆ. ಹನ್ನೆರಡಾಯಿತು, ಅವಳು ಬರಲಿಲ್ಲ. ಎರಡಾಯಿತು. ಡಬ್ಬಿ ಬಿಚ್ಚಲಿಲ್ಲ. ನಾಲ್ಕೂವರೆಯೂ ಆಯಿತು.

ಅವಳ ಪಾಸ್‌ವರ್ಡ್ ಬರೆದ ಚೀಟಿ ಕೀಬೋರ್ಡಿನ ಪಕ್ಕದಲ್ಲೇ ಇತ್ತು. ಒಂದೇ ಒಂದು ಸಲ ಒತ್ತಿದರೆ ಸಾಕು, ಅವಳು ಇದೇ ಬೀದಿಯಲ್ಲಿ ಉಳಿಯುತ್ತಾಳೆ. ಯಾರಿಗೂ ತಿಳಿಯುವುದಿಲ್ಲ. ಕೈ ಮೌಸಿನ ಮೇಲಿಟ್ಟ. ಮೌಸು ಆನೆಮರಿಯಷ್ಟು ಭಾರವಾಯಿತು.

ಕೈ ತೆಗೆದ. ಅಂಗಡಿಯನ್ನು ಬಾಗಿಲು ತೆರೆದಂತೆಯೇ ಬಿಟ್ಟು, ಜೀವಮಾನದಲ್ಲಿ ಮೊದಲ ಸಲ, ಓಡಿದ.

ಹೊಲಿಗೆ ಅಂಗಡಿಯಲ್ಲಿ ಟೈಲರಮ್ಮ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಒಂದು ತೋಳು ಕೂಡಿಸುತ್ತಿದ್ದರು. ಗೋಡೆಗೆ ಎಂಟು ಹೊಸ ಉಡುಪು ತೂಗುತ್ತಿದ್ದವು. ಮಗಳು ದೂರದ ಕಾಲೇಜಿಗೆ ಹಾಕಿಕೊಂಡು ಹೋಗಲೆಂದು ಅಮ್ಮ ಹೊಲಿದಿದ್ದು. ಅವುಗಳ ಕೆಳಗೆ ಮಗಳು ತಲೆ ತಗ್ಗಿಸಿ ಗುಂಡಿ ಹಚ್ಚುತ್ತಿದ್ದಳು.

"ಮೇಡಂ, ಇನ್ನು ಅರ್ಧ ಗಂಟೇನೂ ಇಲ್ಲ," ಎಂದು ಏದುಸಿರು ಬಿಟ್ಟ.

ಅವಳು ಆ ಬಟ್ಟೆಗಳತ್ತ ಕಣ್ಣು ಹಾಯಿಸಿದಳು. ಆಮೇಲೆ ಕೇಳಿದಳು, "ಪಾಸ್‌ವರ್ಡ್ ನಿಮ್ಮತ್ರಾನೇ ಇತ್ತಲ್ಲ. ನೀವೇ ಒತ್ತಬಹುದಿತ್ತು."

"ಕೈ ಇಟ್ಟಿದ್ದೆ. ಆದ್ರೆ ಪಟ್ಟಿ ನಿಮ್ದು."

ಅವಳ ತುಟಿಯ ಒಂದು ತುದಿ ಮಾತ್ರ ನಕ್ಕಿತು. "ಯಾವ ಕಡೆಗೆ ಒತ್ತೋಕೆ ಕೈ ಇಟ್ಟಿದ್ರಿ?"

ಸಬ್ಮಿಟ್‌ನ ಕಿವಿ ಕೆಂಪಾದ ಪರಿಗೆ ಅಂಗಡಿಗೆ ಬೇರೆ ದೀಪವೇ ಬೇಡವಾಯಿತು. "ನೀವು ಇಲ್ಲೇ ಉಳಿಯೋ ಕಡೆಗೆ."

ಹೊಲಿಗೆ ಯಂತ್ರ ನಿಂತಿತು. ಟೈಲರಮ್ಮ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಅಷ್ಟರಲ್ಲಿ ಒಂದು ಯುಗವೇ ಕಳೆಯಿತು.

"ರಜೆ ಬಂದ್ರೆ ಸಾಕು, ನೀನು ಆ ಗಿಡ ಹೊಲಿಯೋಕೆ ಅಂತ ನನ್ನ ದಾರ ಕದ್ದುಕೊಂಡು ಹೋಗ್ತಿದ್ದೆ. ನಂಗೊತ್ತಿಲ್ಲ ಅನ್ಕೊಂಡ್ಯಾ? ಹೋಗೇ ಹೋಗು. ಆ ಬಟ್ಟೆ ಈ ಬೀದೀಲೂ ಹಾಕ್ಕೋಬಹುದು."

ಐದಕ್ಕೆ ಎಂಟು ನಿಮಿಷವಿದ್ದಾಗ ಅವಳು ಮೌಸನ್ನು ತನ್ನ ಕಡೆ ಎಳೆದುಕೊಂಡಳು. ಬಣ್ಣ ಉದುರಿದ ಕಾಲೇಜು ಮೊದಲ ಸಾಲಿಗೆ ಹತ್ತಿ ಕೂತಿತು.

"ಉಳಿದ ಒಂಬತ್ತು ಅಳಿಸ್ಲಾ?" ಎಂದು ಸಬ್ಮಿಟ್ ಕೇಳಿದ.

"ಇರಲಿ ಬಿಡಿ. ಕಂಪ್ಯೂಟರು ತಿರುಗೀನೂ ನೋಡಲ್ಲ ಅಂದ್ರಲ್ಲ."

ಪ್ರಿಂಟ್ ಬಂತು. ಜನ ಎದ್ದು ಹೋಗುವ ಹೊತ್ತು ಇದೇ. ಅವನು ತಲೆ ಎತ್ತಲಿಲ್ಲ. ಐದು ನಿಮಿಷ ಕಳೆಯಿತು. ಹತ್ತಾಯಿತು. ಕುರ್ಚಿ ಕಿರುಗುಟ್ಟಲಿಲ್ಲ.

"ನಿಮ್ಮ ಪಟ್ಟೀಲಿ ಎಷ್ಟು ಹೆಸರಿದೆ?" ಎಂದಳು.

"ಒಂದೇ."

"ಸೇಫ್ಟಿಗೆ?"

"ಯಾರೂ ಇಲ್ಲ."

"ಅದೊಂದು ಖಂಡಿತ ಸಿಗುತ್ತೆ ಅಂತ ಈಗಲೇ ಹೇಳಿಬಿಟ್ರೆ, ಆಸೆ ಕಮ್ಮಿ ಆಗುತ್ತಾ?"

ಭೂಮಂಡಲದ ಅತಿ ಚುರುಕು ಬೆರಳುಗಳು ಡಬ್ಬಿಯ ಮುಚ್ಚಳ ಬಿಚ್ಚಲು ಮೂರು ಸಲ ಒದ್ದಾಡಿದವು. ಡಬ್ಬಿಯನ್ನು ಇಬ್ಬರ ನಡುವೆ ಇಟ್ಟ.

"ಇವತ್ತು ಉಪ್ಪು ಜಾಸ್ತಿ," ಎಂದ.

"ಪರವಾಗಿಲ್ಲ," ಎಂದಿತು ಎದುರಿನ ಕುರ್ಚಿ. "ಕೊಡಿ."